ಏಳು ಸಾವಿರ ವರ್ಷದ ಕೂಲಿ

2024–25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ದೇವದುರ್ಗ ಸೀಮೆಯ ಬೇಸಿಗೆಯಲ್ಲಿ, ಬೆಳಿಗ್ಗೆ ಹತ್ತಕ್ಕೇ ನೆಲ ಕಾದು ಕಾಲಿಡಲಾಗದ ಹೊತ್ತಿನಲ್ಲಿ, ಕೆರೆಯ ಹೂಳು ತುಂಬಿದ ಬುಟ್ಟಿ ಹೊತ್ತವರಿಗೆ ಸರ್ಕಾರ ಕಟ್ಟಿದ ಬೆಲೆ ಅದು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡೋಣ: 89.62 ಕೋಟಿ ರೂಪಾಯಿ. ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಬ್ಯಾಂಕ್ ಖಾತೆಯಿಂದ ಹೊರಟು, ಆಂಧ್ರ ಮತ್ತು ತೆಲಂಗಾಣದ ನಕಲಿ ಖಾತೆಗಳನ್ನು ಸೇರಿತು ಎಂದು ಜಾರಿ ನಿರ್ದೇಶನಾಲಯ ಹೇಳಿದ ಹಣ ಅದು. 2024ರ ಜುಲೈನಲ್ಲಿ ಮುಖ್ಯಮಂತ್ರಿಯವರು ವಿಧಾನಸಭೆಯಲ್ಲಿ ಒಪ್ಪಿಕೊಂಡ ಮೊತ್ತವೂ ಹೆಚ್ಚು ಕಡಿಮೆ ಇಷ್ಟೇ.

ಈ ಮೊತ್ತವನ್ನು ಆ ಕೂಲಿಯಿಂದ ಭಾಗಿಸಿದರೆ 25 ಲಕ್ಷದ 67 ಸಾವಿರ ದಿನಗಳಾಗುತ್ತವೆ. ಒಬ್ಬ ಮನುಷ್ಯ ಹಬ್ಬ, ಜ್ವರ, ಅಮಾವಾಸ್ಯೆ ಒಂದನ್ನೂ ಬಿಡದೆ ದುಡಿದು, ಒಂದು ರೂಪಾಯಿಯನ್ನೂ ಊಟಕ್ಕೆ ಖರ್ಚು ಮಾಡದೆ ಕೂಡಿಟ್ಟರೆ ಆ ಮೊತ್ತ ಮುಟ್ಟಲು 7,000 ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಶಾಸನ ಕೆತ್ತಿಸಿ ಇನ್ನೂ 2,300 ವರ್ಷ ತುಂಬಿಲ್ಲ. ಆ ಅಕ್ಷರ ಕೆತ್ತಿದವನ ಪಕ್ಕದಲ್ಲಿ ನಿಂತು ಅಂದೇ ಕೂಲಿ ಶುರು ಮಾಡಿದವನು ಇವತ್ತಿಗೆ ಮೂರರಲ್ಲಿ ಒಂದು ಪಾಲನ್ನೂ ಮುಗಿಸಿರುತ್ತಿರಲಿಲ್ಲ. ಅಷ್ಟು ಹಣ ಹೊರಗೆ ಹೋಗಲು ಹಿಡಿದದ್ದು ಕೆಲವೇ ವಾರ. 2024ರ ಮಾರ್ಚ್‌ನಿಂದ ಮೇ ತಿಂಗಳೊಳಗೆ ಎಲ್ಲವೂ ಮುಗಿದಿತ್ತು.

ರಾಯಚೂರು ಜಿಲ್ಲೆಗೆ ಇದು ದೂರದ ಬೆಂಗಳೂರಿನ ಸುದ್ದಿಯಲ್ಲ. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ, ಮಸ್ಕಿ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ 19.28 ಲಕ್ಷ ಜನರಲ್ಲಿ ನೂರಕ್ಕೆ 19 ಮಂದಿ ಪರಿಶಿಷ್ಟ ಪಂಗಡದವರು. ರಾಜ್ಯದಲ್ಲಿ ಈ ಪ್ರಮಾಣ ನೂರಕ್ಕೆ ಏಳರಷ್ಟೂ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ದೇಶದ ಹಿಂದುಳಿದ ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ’ ಎಂದು ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ, ಯಾದಗಿರಿ ಮತ್ತು ರಾಯಚೂರು. ಆ ನಿಗಮದ ಹಣ ಯಾರ ಹೊಲ, ಯಾರ ಬಾವಿ, ಯಾರ ಸಣ್ಣ ಅಂಗಡಿಗೆಂದು ಇತ್ತೋ ಅವರು ನಮ್ಮ ಓಣಿಯವರು. ಆಗ ನಿಗಮದ ಅಧ್ಯಕ್ಷರಾಗಿದ್ದವರೂ ರಾಯಚೂರು ಗ್ರಾಮೀಣ ಶಾಸಕ ಬಸನಗೌಡ ದದ್ದಲ್. 2024ರ ಜುಲೈನಲ್ಲಿ ಜಾರಿ ನಿರ್ದೇಶನಾಲಯದ ಅಧಿಕಾರಿಗಳು ಅವರ ಮನೆಯಲ್ಲೂ ಶೋಧ ನಡೆಸಿದರು. ಶೋಧ ನಡೆದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಕೋರ್ಟು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಹಣ ಬಾಗಿಲು ದಾಟುವಾಗ ಬಾಗಿಲಲ್ಲಿ ಯಾರೂ ಯಾಕೆ ಇರಲಿಲ್ಲ?

ಹೆಸರಿನಲ್ಲಿ ‘ಅಭಿವೃದ್ಧಿ’ ಇದ್ದರೂ ಈ ನಿಗಮ ಸರ್ಕಾರಿ ಕಚೇರಿಯಲ್ಲ, ಸರ್ಕಾರಿ ಒಡೆತನದ ಕಂಪನಿ. ಹೆಸರಿನ ಕೊನೆಗೆ ‘ನಿಯಮಿತ’ ಇರುತ್ತದಲ್ಲ, ಅದು ಸುಮ್ಮನೆ ಇಟ್ಟದ್ದಲ್ಲ. ಕಂಪನಿ ಎಂದರೆ ನಿರ್ದೇಶಕರ ಮಂಡಳಿ ಇರಬೇಕು, ವ್ಯವಸ್ಥಾಪಕ ನಿರ್ದೇಶಕರು ಇರಬೇಕು, ಲೆಕ್ಕ ಪರಿಶೋಧಕರು ಇರಬೇಕು, ಠರಾವಿನ ಪುಸ್ತಕ ಇರಬೇಕು. ಇಲ್ಲಿಯೂ ಕಾಗದದ ಮೇಲೆ ಎಲ್ಲವೂ ಇತ್ತು. 2024ರ ಫೆಬ್ರವರಿಯಲ್ಲಿ ನಿಗಮದ ಖಾತೆ ಯೂನಿಯನ್ ಬ್ಯಾಂಕಿನ ವಸಂತನಗರ ಶಾಖೆಯಿಂದ ಎಂ.ಜಿ. ರಸ್ತೆ ಶಾಖೆಗೆ ವರ್ಗವಾಯಿತು. ಬೇರೆ ಬೇರೆ ಖಾತೆಗಳಿಂದ, ಖಜಾನೆಯಿಂದ ಆ ಖಾತೆಗೆ ಸುಮಾರು 187 ಕೋಟಿ ಬಂದು ಸೇರಿತು. ಅದರಲ್ಲಿ ಈ 89.62 ಕೋಟಿ ಅಲ್ಲಿಂದ ಹೊರಗೆ ಹರಿಯಿತು.

ಜನರಿಗೆ ಇದು ಗೊತ್ತಾದ ದಾರಿಯನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಮಂಡಳಿಯ ಸಭೆಯಲ್ಲಿ ಯಾರೋ ಎದ್ದು ಕೇಳಿದ್ದರಿಂದ ಅಲ್ಲ, ಪರಿಶೋಧಕರ ವರದಿಯಿಂದ ಅಲ್ಲ, ಬ್ಯಾಂಕಿನ ಕಂಪ್ಯೂಟರ್ ಕೂಗಿದ್ದರಿಂದಲೂ ಅಲ್ಲ. 2024ರ ಮೇ 26ರಂದು ನಿಗಮದ ಲೆಕ್ಕಪತ್ರ ವಿಭಾಗದ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡರು. ಅವರು ಬರೆದಿಟ್ಟ ಆರು ಪುಟದ ಟಿಪ್ಪಣಿಯಿಂದ ಲೋಕಕ್ಕೆ ಸುದ್ದಿ ತಿಳಿಯಿತು. ಜೂನ್ 6ರಂದು ನಿಗಮದ ಹೊಣೆ ಹೊತ್ತ ಇಲಾಖೆಯ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಬಂಧನಕ್ಕೊಳಗಾದರು, ಮುಂದೆ ಜಾಮೀನಿನ ಮೇಲೆ ಹೊರಬಂದರು. ಎಸ್‌ಐಟಿ, ಸಿಬಿಐ, ಜಾರಿ ನಿರ್ದೇಶನಾಲಯ ಮೂರೂ ಕಡತ ತೆರೆದವು. ಲೆಕ್ಕ ಬರೆಯುವ ಒಬ್ಬ ನೌಕರ ಸತ್ತ ಮೇಲೆಯೇ ಲೆಕ್ಕ ಹೊರಬರುವುದಾದರೆ, ಅದಕ್ಕೆ ಮೊದಲಿದ್ದ ಅಷ್ಟೂ ಕುರ್ಚಿಗಳು ಯಾಕಾಗಿ ಇದ್ದವು?

ಈ ಹಣ ಏನಾಗಬಹುದಿತ್ತು ಎಂದು ನಮ್ಮ ಕಡೆಯ ಅಳತೆಯಲ್ಲಿ ಹೇಳುತ್ತೇನೆ. ಗಂಗಾ ಕಲ್ಯಾಣ ಯೋಜನೆಯಲ್ಲಿ ಕೊಳವೆಬಾವಿ ಕೊರೆದು, ಪಂಪು ಇಳಿಸಿ, ಕರೆಂಟ್ ಕೊಡಲು ನಮ್ಮಂಥ ಜಿಲ್ಲೆಗಳಿಗೆ ಸರ್ಕಾರ ಇಟ್ಟ ಘಟಕ ವೆಚ್ಚ 3.75 ಲಕ್ಷ ರೂಪಾಯಿ. 89.62 ಕೋಟಿಗೆ ಅಂಥ 2,389 ಬಾವಿಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ಕುಳಿತು, ನೀರು ಇವತ್ತು ಬಂದೀತೋ ನಾಳೆ ಬಂದೀತೋ ಎಂದು ಕಾಯುವ ಮಾನ್ವಿ ಭಾಗದ ರೈತನಿಗೆ ಒಂದು ಬಾವಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭತ್ತದಲ್ಲಿ ಅಳೆಯೋಣ. 2023–24ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,183 ರೂಪಾಯಿ. ಆ ದರದಲ್ಲಿ 89.62 ಕೋಟಿಗೆ ನಾಲ್ಕು ಲಕ್ಷದ ಹತ್ತು ಸಾವಿರ ಕ್ವಿಂಟಲ್. ನಮ್ಮ 75 ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು ಐದು ಲಕ್ಷದ ನಲವತ್ತೇಳು ಸಾವಿರ ಚೀಲ. ಹತ್ತು ಟನ್ನಿನ ಲಾರಿಗಳಿಗೆ ಹೇರಿದರೆ 4,105 ಲಾರಿ. ಒಂದು ಲಾರಿಗೆ ಹತ್ತು ಮೀಟರ್ ಜಾಗವೆಂದರೂ ಒಂದರ ಹಿಂದೊಂದು ನಿಂತ ಆ ಸಾಲು 41 ಕಿಲೋಮೀಟರ್. ರಾಯಚೂರು ಬಿಟ್ಟು ಮಾನ್ವಿ ಊರು ಹತ್ತಿರವಾಗುವವರೆಗೆ. ಅಷ್ಟು ಲಾರಿ ರಸ್ತೆಗಿಳಿದರೆ ಜಿಲ್ಲೆಯೇ ಎದ್ದು ನಿಂತು ನೋಡುತ್ತದೆ. ಒಂದು ಚೀಲ ಕಡಿಮೆ ಬಿದ್ದರೂ ಹಮಾಲ ಕೂಗುತ್ತಾನೆ, ಕಾಟಾದವನು ತಡೆಯುತ್ತಾನೆ, ದಲಾಲಿ ಅಂಗಡಿಯ ಗುಮಾಸ್ತ ಪಟ್ಟಿ ತೆಗೆದು ತೋರಿಸುತ್ತಾನೆ. ಹಣ ಕಂಪ್ಯೂಟರಿನೊಳಗೆ ಹೋಗುವಾಗ ಸದ್ದಾಗುವುದಿಲ್ಲ.

ಇನ್ನೊಂದು ಭಾಗಾಕಾರವಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದು. 2011ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 42.49 ಲಕ್ಷ. 89.62 ಕೋಟಿಯನ್ನು ಅಷ್ಟೂ ಜನಕ್ಕೆ ಹಂಚಿದರೆ ತಲೆಗೆ 211 ರೂಪಾಯಿ. ಒಂದು ದಿನದ ಕೂಲಿಯೂ ಅಲ್ಲ. ಆಡಳಿತ ಕೆಟ್ಟ ಕಂಪನಿಗಳಲ್ಲಿ ಕಳ್ಳತನ ಇಷ್ಟು ದಿನ ಬದುಕುವುದು ಈ ಕಾರಣಕ್ಕೇ ಎಂದು ನನಗೆ ಅನ್ನಿಸುತ್ತದೆ. ಕಳೆದುಕೊಂಡವನ ಪಾಲು ಅವನಿಗೇ ಗೊತ್ತಾಗದಷ್ಟು ತೆಳು. ತೆಗೆದುಕೊಂಡವರ ಪಾಲು ಒಂದೂರು ಕೊಳ್ಳುವಷ್ಟು ದಪ್ಪ. 211 ರೂಪಾಯಿಗಾಗಿ ದೇವದುರ್ಗದಿಂದ ಬೆಂಗಳೂರಿಗೆ ಬಸ್ ಹತ್ತಿ ಯಾರೂ ಹೋಗುವುದಿಲ್ಲ. ಅವರ ಪರವಾಗಿ ಕೇಳಲೆಂದೇ ಮಂಡಳಿ ಇರುವುದು. ಮಂಡಳಿ ಕೇಳದಿದ್ದರೆ ಕೇಳುವವರು ಇನ್ನಾರೂ ಉಳಿಯುವುದಿಲ್ಲ.

ಸರ್ಕಾರಿ ನಿಗಮಗಳ ಹಣೆಬರಹವೇ ಇಷ್ಟು, ಖಾಸಗಿಯವರು ಹುಷಾರಿರುತ್ತಾರೆ ಎನ್ನುವವರಿದ್ದಾರೆ. ಅವರು ರಾಯಚೂರಿನಿಂದ ಈಶಾನ್ಯಕ್ಕೆ ನೋಡಬೇಕು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಇವತ್ತಿಗೂ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆ ಊರಿನ ಸತ್ಯಂ ಕಂಪ್ಯೂಟರ್ಸ್‌ಗೆ 2008ರ ಸೆಪ್ಟೆಂಬರಿನಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕೆಂದು ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಬಂತು. ಅದರ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿಗಳಿದ್ದರು, ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್ ಇದ್ದರು. ನಾಲ್ಕೇ ತಿಂಗಳಲ್ಲಿ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗರಾಜು ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ.

ನೂರು ರೂಪಾಯಿ ಇದೆ ಎಂದ ಕಡೆ ಇದ್ದದ್ದು ಆರು ರೂಪಾಯಿ. ಬಾರದ ಬಡ್ಡಿ 376 ಕೋಟಿ, ಮುಚ್ಚಿಟ್ಟ ಹೊಣೆ 1,230 ಕೋಟಿ, ಉಬ್ಬಿಸಿದ ಬಾಕಿ ವಸೂಲಿ 490 ಕೋಟಿ ಸೇರಿಸಿದರೆ ಒಟ್ಟು 7,136 ಕೋಟಿಯ ಗುಂಡಿ. ಆ ಕಾಲದ ಜನಗಣತಿಯ ಲೆಕ್ಕದಲ್ಲಿ ರಾಯಚೂರು ಜಿಲ್ಲೆಯ ತೊಟ್ಟಿಲ ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ಹಂಚಿದರೆ ತಲೆಗೆ 37,000 ರೂಪಾಯಿ. ಇಲ್ಲದ ಆ 5,040 ಕೋಟಿಯನ್ನು 500ರ ನೋಟುಗಳಲ್ಲಿ ಇಟ್ಟು, ಸೆಕೆಂಡಿಗೊಂದರಂತೆ, ಹಗಲು ರಾತ್ರಿ ಎಣಿಸಿದರೂ ಮುಗಿಯಲು ಮೂರು ವರ್ಷ ಎರಡು ತಿಂಗಳು ಬೇಕು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಕಂಪನಿ 649 ಕೋಟಿ ಕಾರ್ಯಾಚರಣೆ ಲಾಭ ತೋರಿಸಿತ್ತು. ನಿಜವಾಗಿ ಬಂದದ್ದು 61 ಕೋಟಿ. ಪತ್ರ ಹೊರಬಿದ್ದ ದಿನ ಷೇರಿನ ಬೆಲೆಯ ಮುಕ್ಕಾಲಿಗೂ ಹೆಚ್ಚು ಭಾಗ ಒಂದೇ ಹೊತ್ತಿಗೆ ಕರಗಿತು. 2015ರ ಏಪ್ರಿಲ್‌ನಲ್ಲಿ ರಾಜು ಅವರಿಗೆ ಏಳು ವರ್ಷ ಜೈಲು ಶಿಕ್ಷೆಯಾಯಿತು. ಆ ಪ್ರಶಸ್ತಿಯನ್ನೂ ಹಿಂದಕ್ಕೆ ಪಡೆದರು.

ಇಷ್ಟು ದೊಡ್ಡ ಸುಳ್ಳನ್ನು ಹಿಡಿಯಲು ಏನು ಬೇಕಿತ್ತು? ಠೇವಣಿ ಇದೆ ಎಂದು ಕಂಪನಿ ತೋರಿಸಿದ ಕಾಗದವನ್ನು ಪಕ್ಕಕ್ಕಿಟ್ಟು, ಪರಿಶೋಧಕರು ನೇರವಾಗಿ ಬ್ಯಾಂಕಿಗೆ ಪತ್ರ ಬರೆದು, ನೇರವಾಗಿ ಬ್ಯಾಂಕಿನಿಂದಲೇ ಉತ್ತರ ಪಡೆಯಬೇಕಿತ್ತು. ವಾಣಿಜ್ಯ ವಿಷಯ ಓದುವ ಮಕ್ಕಳಿಗೂ ಕಲಿಸುವ ಪಾಠ ಅದು. ಖರ್ಚು ಒಂದು ಅಂಚೆ ಲಕೋಟೆ.

ಇದೊಂದು ಕಂಪನಿಯ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಜರ್ಮನಿಯ ವೈರ್‌ಕಾರ್ಡ್ 2020ರ ಜೂನಿನಲ್ಲಿ ಕುಸಿಯಿತು. ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿ ಇದೆ ಎಂದು ತೋರಿಸಿದ್ದ 190 ಕೋಟಿ ಯೂರೋ ಅಲ್ಲಿ ಇರಲೇ ಇಲ್ಲ. ಆಗಿನ ದರದಲ್ಲಿ ನಮ್ಮ ಹಣದಲ್ಲಿ ಸುಮಾರು 16,000 ಕೋಟಿ. ಅಲ್ಲಿಯೂ ಎದ್ದ ಮೊದಲ ಪ್ರಶ್ನೆ, ಬ್ಯಾಂಕನ್ನು ನೇರವಾಗಿ ಯಾಕೆ ಕೇಳಲಿಲ್ಲ ಎಂಬುದೇ. 2018ರಲ್ಲಿ ಹೊರಬಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ 13,000 ಕೋಟಿ ದಾಟಿದ ವಂಚನೆಯಲ್ಲಿ, ವಿದೇಶಗಳಿಗೆ ಹಣದ ಭರವಸೆ ಕಳಿಸುವ ಸ್ವಿಫ್ಟ್ ಯಂತ್ರಕ್ಕೂ ಬ್ಯಾಂಕಿನ ಲೆಕ್ಕದ ಯಂತ್ರಕ್ಕೂ ಜೋಡಣೆಯೇ ಇರಲಿಲ್ಲ. ಒಂದು ಪುಸ್ತಕದಲ್ಲಿ ಬರೆದದ್ದು ಇನ್ನೊಂದರಲ್ಲಿ ಇದೆಯೇ ಎಂದು ವರ್ಷಗಟ್ಟಲೆ ತಾಳೆ ನೋಡಲಿಲ್ಲ.

ಜೋಡಣೆಯೊಂದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಾನ್ವಿಯ ರೈತರು ಬೇರೆ ರೂಪದಲ್ಲಿ ಕಣ್ಣಾರೆ ಕಂಡಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಮುರಿದದ್ದು ಚೈನಿನ ಕೊಂಡಿ. 105 ಟಿಎಂಸಿ ನೀರು ಹಿಡಿಯುವ, ಎಪ್ಪತ್ತು ವರ್ಷ ದಾಟಿದ ಜಲಾಶಯ ಒಂದು ಕೊಂಡಿಯ ಮೇಲೆ ನಿಂತಿತ್ತು ಎಂಬುದು ಆ ರಾತ್ರಿ ಎಲ್ಲರಿಗೂ ಗೊತ್ತಾಯಿತು.

ಕರ್ನಾಟಕದ ಮಟ್ಟಿಗೆ ಹೆಚ್ಚು ನೋವಿನ ಉದಾಹರಣೆ ಕಾಫಿ ಡೇ. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಬೀದಿಬೀದಿಗೆ ಒಯ್ದ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡ ಮೇಲೆ ಲೆಕ್ಕ ತೆಗೆದಾಗ, ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಕುಟುಂಬದ ಒಡೆತನದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿದ್ದು ಕಂಡಿತು. 2023ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 26 ಕೋಟಿ ದಂಡ ಹಾಕಿತು. ಖಾಲಿ ಚೆಕ್‌ಗಳಿಗೆ ಮೊದಲೇ ಸಹಿ ಹಾಕಿಡುತ್ತಿದ್ದ ಸಂಗತಿ ಸೆಬಿಯ ಆದೇಶದಲ್ಲಿ ಬರುತ್ತದೆ. ಸಾವಿರಾರು ಜನರಿಗೆ ಕೆಲಸ ಕೊಟ್ಟ ಮನುಷ್ಯನ ಬಗ್ಗೆ ಗೌರವವಿಟ್ಟುಕೊಂಡೇ ಈ ಮಾತು ಹೇಳಬೇಕು: ಖಾಲಿ ಚೆಕ್ಕಿಗೆ ಹಾಕುವ ಸಹಿ ನಂಬಿಕೆಯ ಗುರುತಲ್ಲ. ನಂಬಿದವನನ್ನು ಒಂಟಿಯಾಗಿ ಬಿಟ್ಟುಬಿಡುವ ಕೆಲಸ ಅದು. ಆ ಸಹಿಗಳನ್ನು ಯಾರಾದರೂ ಒಬ್ಬರು ನಿರಾಕರಿಸಿದ್ದರೆ ಕಷ್ಟ ಮೊದಲೇ ಹೊರಬರುತ್ತಿತ್ತು, ಬಹುಶಃ ದಾರಿಯೂ ಸಿಗುತ್ತಿತ್ತು. ದಾರಿ ಇತ್ತು ಎನ್ನಲು ಸಾಕ್ಷಿಯಿದೆ. ಅವರ ಪತ್ನಿ ಮಾಳವಿಕಾ ಹೆಗ್ಡೆ ಮತ್ತು ಹೊಸ ಆಡಳಿತ ಆಸ್ತಿ ಮಾರಿ, ಅಂಗಡಿ ಕಡಿಮೆ ಮಾಡಿ, 7,000 ಕೋಟಿ ದಾಟಿದ್ದ ಸಾಲವನ್ನು ಎರಡು ವರ್ಷದೊಳಗೆ 2,000 ಕೋಟಿಗಿಂತ ಕೆಳಗಿಳಿಸಿತು.

ಸತ್ಯಂ ಆದ ಮೇಲೆ ದೇಶ ಸುಮ್ಮನಿರಲಿಲ್ಲ. 2013ರಲ್ಲಿ ಹೊಸ ಕಂಪನಿ ಕಾಯ್ದೆ ಬಂತು, 470 ಕಲಮುಗಳೊಂದಿಗೆ. ದೊಡ್ಡ ಕಂಪನಿಗಳು ಒಂದೇ ಪರಿಶೋಧನಾ ಸಂಸ್ಥೆಯನ್ನು ಸತತ ಹತ್ತು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ವಂಚನೆ ಕಂಡ ಪರಿಶೋಧಕ ಸರ್ಕಾರಕ್ಕೆ ತಿಳಿಸಲೇಬೇಕು, ವಂಚನೆಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂದೆಲ್ಲ ಬರೆದರು. ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ನೌಕರರು ತಮ್ಮ ಮೇಲಧಿಕಾರಿಯನ್ನು ದಾಟಿ ದೂರು ಕೊಡುವ ವ್ಯವಸ್ಥೆ ಇರಬೇಕು ಎಂದೂ ಸೇರಿಸಿದರು. ಒಳ್ಳೆಯ ಕಾನೂನು. ಆದರೆ ಐದೇ ವರ್ಷಕ್ಕೆ, 2018ರಲ್ಲಿ, ರಸ್ತೆ, ಸೇತುವೆ, ವಿದ್ಯುತ್ ಯೋಜನೆಗಳಿಗೆ ಹಣ ಹೊಂದಿಸುತ್ತಿದ್ದ ಐಎಲ್ ಅಂಡ್ ಎಫ್ಎಸ್ ಸಮೂಹ ಕುಸಿಯಿತು. 300ಕ್ಕೂ ಹೆಚ್ಚು ಕಂಪನಿಗಳು, ಸುಮಾರು 91,000 ಕೋಟಿ ಸಾಲ. 349 ರೂಪಾಯಿ ಕೂಲಿಯಲ್ಲಿ ತೀರಿಸಲು 71 ಲಕ್ಷ ವರ್ಷ ಬೇಕು. ಅಷ್ಟು ವರ್ಷಗಳ ಹಿಂದೆ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ. ಆ ಸಮೂಹದಲ್ಲಿ ಅಪಾಯ ಅಂದಾಜು ಮಾಡಲೆಂದೇ ಒಂದು ಸಮಿತಿ ಇತ್ತು. 2015ರಿಂದ 2018ರವರೆಗೆ ಆ ಸಮಿತಿ ಸಭೆ ಸೇರಿದ್ದು ಒಂದೇ ಒಂದು ಸಲ.

ಈ ಅಂಕಿಯನ್ನು ಹಿಡಿದುಕೊಂಡು ದೇವದುರ್ಗ ತಾಲ್ಲೂಕಿನ ಯಾವುದಾದರೂ ಹಳ್ಳಿಯ ಮಹಿಳಾ ಸಂಘದ ಸಭೆಗೆ ಹೋಗಿ ಕೂಡಬೇಕು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000ದ ಅಕ್ಟೋಬರಿನಲ್ಲಿ. ಇವತ್ತು ಸಂಘವಿಲ್ಲದ ಊರು ಸಿಗುವುದು ಕಷ್ಟ. ಹೊಲದಿಂದ ಬಂದು, ರೊಟ್ಟಿ ಬಡಿದಿಟ್ಟು, ಗುಡಿಯ ಕಟ್ಟೆಗೆ ಹದಿನೈದು ಮಂದಿ ಸೇರುತ್ತಾರೆ. ಮೊದಲು ಹಾಜರಿ. ತಡವಾಗಿ ಬಂದವಳಿಗೆ ದಂಡ, ಬಾರದವಳಿಗೆ ಇನ್ನೂ ಹೆಚ್ಚು. ಆಮೇಲೆ ಕಳೆದ ವಾರದ ನಡಾವಳಿ ಓದಬೇಕು, ಗಟ್ಟಿಯಾಗಿ, ಓದು ಬಾರದವರ ಕಿವಿಗೂ ಬೀಳುವಂತೆ. ಹಣವನ್ನು ಚಾಪೆಯ ನಡುವೆ ಇಟ್ಟು ಎಲ್ಲರ ಕಣ್ಣೆದುರು ಎಣಿಸುತ್ತಾರೆ. ಬ್ಯಾಂಕಿನ ಪಾಸ್‌ಬುಕ್ ಕೈಯಿಂದ ಕೈಗೆ ದಾಟುತ್ತದೆ. ಅಕ್ಷರ ಗೊತ್ತಿಲ್ಲದಿದ್ದರೂ ಕೊನೆಯ ಸಾಲಿನ ಅಂಕಿ ಗುರುತಿಸಲು ಎಲ್ಲರೂ ಕಲಿತಿರುತ್ತಾರೆ. ಪುಸ್ತಕ ಬರೆಯುವವಳು ಒಬ್ಬಳು, ಪೆಟ್ಟಿಗೆ ಇಟ್ಟುಕೊಳ್ಳುವವಳು ಇನ್ನೊಬ್ಬಳು, ಬೀಗದ ಕೈ ಮತ್ತೊಬ್ಬಳ ಸೆರಗಿನಲ್ಲಿ. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ.

“ಅಕ್ಕಾ, ಹೋದ ವಾರ ಶಿಲ್ಕು ಬ್ಯಾರೆ ಇತ್ತಲ್ಲ?” ಎಂದು ಮೂಲೆಯಿಂದ ಒಬ್ಬಳು ಕೇಳಿದರೆ ಸಭೆ ಅಲ್ಲಿಯೇ ನಿಲ್ಲುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ. ಯಾರೂ ಮುನಿಸಿಕೊಳ್ಳುವುದಿಲ್ಲ, ಕೇಳಿದವಳನ್ನು ಯಾರೂ ಅನುಮಾನದ ಹೆಂಗಸು ಎನ್ನುವುದಿಲ್ಲ. ಅಲ್ಲಿ ಎಣಿಕೆಯಾಗುವ ಹಣ ಕೆಲವೇ ಸಾವಿರ. ವಾರಕ್ಕೊಂದರಂತೆ ಮೂರು ವರ್ಷಕ್ಕೆ 156 ಸಭೆ. 91,000 ಕೋಟಿಯ ಸಮಿತಿಗೆ ಒಂದು ಸಭೆ, ಸಾವಿರಗಳ ಸಂಘಕ್ಕೆ 156. ಕಾರ್ಪೊರೇಟ್ ಆಡಳಿತದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಈ ಎರಡು ಅಂಕಿಗಳಷ್ಟು ಕಲಿಸಿಲ್ಲ. ಎಲ್ಲ ಸಂಘಗಳೂ ಹೀಗೇ ನಡೆಯುತ್ತವೆ ಎಂದಲ್ಲ. ಪುಸ್ತಕ ಸುಳ್ಳಾಗಿ ಒಡೆದುಹೋದ ಸಂಘಗಳೂ ಇವೆ. ಆದರೆ ಸರಿಯಾಗಿ ನಡೆಸುವುದು ಹೇಗೆ ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಈಗಾಗಲೇ ಇದೆ. ಹಾರ್ವರ್ಡ್‌ನಿಂದ ತರಬೇಕಾಗಿಲ್ಲ.

ರಾಯಚೂರಿನ ಉದ್ದಿಮೆದಾರರಿಗೆ ಇಲ್ಲಿ ನೇರವಾಗಿ ಒಂದೆರಡು ಮಾತು ಹೇಳಬೇಕು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಬೇಳೆ ಮಿಲ್ಲು, ಬೀಜ ಗೊಬ್ಬರದ ಅಂಗಡಿ. ಬಹಳಷ್ಟು ಅಣ್ಣತಮ್ಮಂದಿರ, ಅಪ್ಪ ಮಕ್ಕಳ ವ್ಯವಹಾರ. ಮಂಡಳಿ, ಪರಿಶೋಧನಾ ಸಮಿತಿ ಎಂಬುದೆಲ್ಲ ಮುಂಬೈ ಕಂಪನಿಗಳ ಮಾತು ಎಂದು ನಾವು ದೂರ ಇಡುತ್ತೇವೆ. ನಮ್ಮಲ್ಲಿ ಹೆಮ್ಮೆಯಿಂದ ಹೇಳುವ ಮಾತೊಂದಿದೆ: “ನಮ್ಮ ಗುಮಾಸ್ತರು ಹತ್ತು ವರ್ಷದಾಗ ಒಂದಿನಾನೂ ರಜಾ ಹಾಕಿಲ್ಲರೀ.” ಅಂಥವರಲ್ಲಿ ಹೆಚ್ಚಿನವರು ನಿಜಕ್ಕೂ ನಿಷ್ಠರು, ಅದರಲ್ಲಿ ಸಂಶಯವಿಲ್ಲ. ಆದರೂ ರಿಸರ್ವ್ ಬ್ಯಾಂಕ್ ಈ ಮಾತನ್ನು ಹೊಗಳಿಕೆಯೆಂದು ಓದುವುದಿಲ್ಲ, ಎಚ್ಚರಿಕೆಯೆಂದು ಓದುತ್ತದೆ. ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಲ್ಲಿ ಇರುವವರನ್ನು ವರ್ಷಕ್ಕೆ ಕನಿಷ್ಠ ಹತ್ತು ಕೆಲಸದ ದಿನ, ಮುಂಚಿತವಾಗಿ ತಿಳಿಸದೆ, ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂದು ಅದು ನಿಯಮ ಮಾಡಿದೆ. ಆ ಹತ್ತು ದಿನ ಪುಸ್ತಕ ಬೇರೆಯವರ ಕೈಗೆ ಬರುತ್ತದೆ. ಮುಚ್ಚಿಟ್ಟದ್ದು ಏನಾದರೂ ಇದ್ದರೆ ಹತ್ತು ದಿನದಲ್ಲಿ ತಲೆಯೆತ್ತುತ್ತದೆ. ಏನೂ ಇಲ್ಲದಿದ್ದರೆ ಗುಮಾಸ್ತರಿಗೆ ಮಕ್ಕಳ ಜೊತೆ ಊರಿಗೆ ಹೋಗಿ ಬರಲು ಬಿಡುವು ಸಿಗುತ್ತದೆ. ನಮ್ಮ ಗಿರಣಿಗಳಲ್ಲಿ ಇದನ್ನು ನಾಳೆಯೇ ಶುರು ಮಾಡಬಹುದು.

ಚೆಕ್ ಬರೆಯುವವರು ಮತ್ತು ಬ್ಯಾಂಕ್ ಲೆಕ್ಕ ತಾಳೆ ನೋಡುವವರು ಒಬ್ಬರೇ ಆಗಬಾರದು. ತಿಂಗಳ ಮೊದಲ ವಾರ ಮಾಲೀಕರೇ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ನೇರವಾಗಿ ತರಿಸಿಕೊಂಡು ಕಿರ್ದಿಯ ಪಕ್ಕ ಇಟ್ಟು ಓದಬೇಕು. ಬ್ಯಾಂಕಿನಿಂದ ಬರುವ ಸಂದೇಶಗಳು ಯಾರ ಮೊಬೈಲಿಗೆ ಹೋಗುತ್ತಿವೆ ಎಂದು ಇವತ್ತೇ ನೋಡಿ. ಬಿಟ್ಟುಹೋದ ಹಳೆಯ ಮ್ಯಾನೇಜರನ ನಂಬರು ಇನ್ನೂ ಖಾತೆಯಲ್ಲಿ ಇದ್ದರೆ ಬದಲಿಸಿ. ತಮ್ಮನ ಇನ್ನೊಂದು ಅಂಗಡಿಗೆ, ಅಳಿಯನ ಪ್ಲಾಟಿಗೆ ಗಿರಣಿಯಿಂದ ಹಣ ಹೋದರೆ ತಪ್ಪಲ್ಲ. ಆದರೆ ಎಷ್ಟು, ಯಾವ ಬಡ್ಡಿಗೆ, ಯಾವಾಗ ವಾಪಸ್ ಎಂದು ಬರೆದಿಟ್ಟು ಪಾಲುದಾರರೆಲ್ಲ ಸಹಿ ಹಾಕಬೇಕು. ಕಾಫಿ ಡೇಯ 3,535 ಕೋಟಿಯೂ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಣದಂತೆಯೇ ಕಂಡಿತ್ತು. ಆ ಕಂಪನಿಯಲ್ಲಿ ಹೊರಗಿನ ಸಾವಿರಾರು ಷೇರುದಾರರೂ ಇದ್ದರು.

ಇನ್ನು ಠೇವಣಿ ಇಡುವ ನಮ್ಮಂಥವರ ಮಾತು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರಿಗೆ ತೆಗೆಯಲು ಸಿಕ್ಕಿದ್ದು 35,000 ರೂಪಾಯಿ. ಬ್ಯಾಂಕುಗಳಲ್ಲಿ ಈಗ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳಿಗೆ ಆ ವಿಮೆಯೂ ಇಲ್ಲ. ನಮ್ಮ ಜಿಲ್ಲೆಯ ಪ್ರತಿ ಪೇಟೆಯಲ್ಲೂ ಇಂಥ ಸಂಘಗಳ ಬೋರ್ಡುಗಳಿವೆ. ಅವುಗಳಲ್ಲಿ ಒಳ್ಳೆಯವೂ ಬಹಳ ಇವೆ. ಒಳ್ಳೆಯವು ಒಳ್ಳೆಯವಾಗಿಯೇ ಉಳಿಯಬೇಕೆಂದರೆ ಸದಸ್ಯರು ಕೇಳುತ್ತಿರಬೇಕು.

ಸಹಕಾರ ಕಾಯ್ದೆಯ ಪ್ರಕಾರ ಪ್ರತಿ ಸಹಕಾರ ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ನಿಮ್ಮ ಸೊಸೈಟಿಯ ನೋಟಿಸು ಬಂದಾಗ ಅದನ್ನು ಮಡಚಿ ಇಡಬೇಡಿ. ಹೋಗಿ, ಊಟದ ಹೊತ್ತಿಗಲ್ಲ, ಲೆಕ್ಕ ಓದುವ ಹೊತ್ತಿಗೆ. ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ: ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿದ್ದ ಶಿಲ್ಕು ಎಷ್ಟು? ಅಷ್ಟಿದೆ ಎಂದು ಬ್ಯಾಂಕ್ ನೇರವಾಗಿ ಪರಿಶೋಧಕರಿಗೆ ಬರೆದ ಪತ್ರ ಎಲ್ಲಿದೆ? ನಿರ್ದೇಶಕರು ಮತ್ತು ಅವರ ಮನೆಯವರ ಹೆಸರಿನಲ್ಲಿರುವ ಸಾಲ ಎಷ್ಟು? ಉತ್ತರ ಬರುವವರೆಗೆ ಕೂಡಬೇಡಿ, ಉತ್ತರವನ್ನು ನಡಾವಳಿಯಲ್ಲಿ ಬರೆಸದೆ ಮನೆಗೆ ಬರಬೇಡಿ.